ರಾಶಿಯ ಮೊದಲ ಕೊಳಗ

ನಮ್ಮೂರ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂರುವುದನ್ನು ಬಿಟ್ಟು ಬಹಳ ವರ್ಷಗಳಾದವು. ಕೂತರೆ ಸಾಕು, ಯಾವನೋ ಒಬ್ಬ ಬಾಜೂಕೆ ಬಂದು ಹಲ್ಲು ಕಿಸಿದು ಅದೇ ಪ್ರಶ್ನೆ ಕೇಳುತ್ತಿದ್ದ. "ಮಿಲ್ಟ್ರಿ ಕಾಕಾ, ಖರೇ ಹೇಳ್ರಿ, ಎಷ್ಟ ಮಂದೀನ್ನ ಹೊಡದ್ರಿ?" ಈ ಸಲ ಕಡ್ಲಿ ಎಷ್ಟು ಚೀಲ ಆತು ಅಂತ ಕೇಳುವ ದನಿಯಲ್ಲೇ ಕೇಳುತ್ತಿದ್ದರು. ಒಬ್ಬನಿಗೆ ಹೇಳಿದೆ, "ಒಬ್ಬನ್ನ ಹೊಡ್ಯೂದು ಬಾಕಿ ಉಳದೈತಿ, ಈಗ ನನ್ನ ಬಾಜೂಕ ಕುಂತಾನ." ಅಂಗಡಿಯ ಮಂದಿಯೆಲ್ಲ ಹೊಟ್ಟೆ ಹಿಡಿದು ನಕ್ಕರು. ನಾನು ನಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ, ಮತ್ತೆ ಆ ಕಡೆ ಹೋಗಲಿಲ್ಲ.

ಆಗಸ್ಟ್ ಬಂದರೆ ಶಾಲು. ಶಾಲೆಯ ಮೈದಾನದಲ್ಲಿ ಕುರ್ಚಿ ಹಾಕಿ ಕೂರಿಸಿ, ಬೆವರು ಸುರಿಯುವ ಕುತ್ತಿಗೆಗೆ ಶಾಲು ಹೊದಿಸಿ, ಮೈಕನ್ನು ಬಾಯಿಗೆ ತಂದು ಎರಡು ಮಾತಾಡಿ ಅನ್ನುತ್ತಾರೆ. ನಾನು ಚಳಿಯ ಕತೆ ಹೇಳುತ್ತೇನೆ. ಬರ್ಫ್ ಕಾಯಿಸಿ ಚಹಾ ಮಾಡಿದ್ದು, ತತ್ತಿ ಒಡೆಯಲು ಸುತ್ತಿಗೆ ಹಿಡಿದದ್ದು, ಮೀಸೆಯ ಮೇಲೆ ಉಸಿರು ಹೆಪ್ಪುಗಟ್ಟಿದ್ದು. ಚಪ್ಪಾಳೆ ಬೀಳುತ್ತದೆ. ಬಾಗಿಲಿಗೆ ಬಂದವರ ಕೈಗೆ ಹಾಕಿ ಸಾಗಹಾಕಲಿಕ್ಕೆಂದೇ ನಾನು ಈ ಕತೆಗಳನ್ನು ಇಟ್ಟುಕೊಂಡಿದ್ದೇನೆ. ಒಳಗಿನದನ್ನು ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಮತ್ತೆ ನಮಗ್ಯಾಕೆ ಹೇಳುತ್ತೀ ಎಂದು ಕೇಳಬೇಡಿ. ನೀವು ಯಾರೋ. ನಾಳೆ ನನ್ನೆದುರು ಕೂತು ರೊಟ್ಟಿ ಮುರಿಯುವವರಲ್ಲ, ನನ್ನ ಮುಖ ನೋಡಿ ಕಣ್ಣು ಕೆಳಗೆ ಹಾಕುವವರಲ್ಲ. ಓದಿ ಮಡಚಿಟ್ಟು ನಿಮ್ಮ ನಿಮ್ಮ ಕೆಲಸಕ್ಕೆ ಹೋಗುತ್ತೀರಿ. ನಮ್ಮ ಮನೆಯವರು ಪುಸ್ತಕ ಮುಟ್ಟುವುದಿಲ್ಲ. ಮುಟ್ಟಿದರೂ ನಾನು ಹೆಸರು ಬರೆದಿಲ್ಲ, ಊರು ಬರೆದಿಲ್ಲ. ಮೊರಬದ ಆಚೆಗೆ ಎರೆಹೊಲದ ನಡುವಿನ ಒಂದು ಊರು ಅಂದುಕೊಳ್ಳಿ, ಅಂಥವು ಬೇಕಾದಷ್ಟಿವೆ.

ನಮ್ಮದು ಅಳೆಯುವ ಮನೆತನ. ಅಂದರೆ, ಕಣದಲ್ಲಿ ಜೋಳದ ರಾಶಿ ಬಿದ್ದ ಮೇಲೆ ಕೊಳಗ ಹಿಡಿದು ಅಳೆದುಕೊಡುವುದರಲ್ಲಿ ನಮ್ಮಪ್ಪನಿಗೆ ಸುತ್ತಿನ ಊರುಗಳಲ್ಲಿ ಹೆಸರಿತ್ತು. ಪಕ್ಕದ ಹೊಲದವರೂ ಅವನನ್ನೇ ಕರೆಯುತ್ತಿದ್ದರು. ರಾಶಿ ಅಳೆಯುವುದೆಂದರೆ ಆಟವಲ್ಲ. ರಾಶಿಯ ಸುತ್ತ ಬೂದಿಯ ಗೆರೆ, ನೆತ್ತಿಯ ಮೇಲೆ ಕುಡಗೋಲು, ಕಾಯಿ ಒಡೆದು ಪೂಜೆ. ಆಮೇಲೆ ಯಾರೂ ಪಿಟಕ್ಕೆನ್ನಬಾರದು. ಚಪ್ಪಲಿ ಕಣದ ಹೊರಗೆ, ತಲೆಯ ಮೇಲಿನ ಟೋಪಿ ಕೈಯಲ್ಲಿ. ಅಳೆಯುವವನೊಬ್ಬನೇ ಬಾಯಿ ಬಿಡುವವನು, ಅವನೂ ಎಣಿಕೆಯೊಂದನ್ನು ಬಿಟ್ಟು ಬೇರೆ ಮಾತಾಡುವಂತಿಲ್ಲ. ಮತ್ತೆ ಆ ಎಣಿಕೆ ಒಂದು ಎಂದು ಶುರುವಾಗುವುದಿಲ್ಲ. ಮೊದಲ ಕೊಳಗಕ್ಕೆ ಅನ್ನುವುದು "ಲಾಭ". ಆಮೇಲೆ ಎರಡು, ಮೂರು, ನಾಲ್ಕು.

ನಾನು ಸಣ್ಣವನಿದ್ದಾಗ ಅಪ್ಪ ಮೊದಲ ಸಲ ನನ್ನ ಕೈಗೆ ಕೊಳಗ ಕೊಟ್ಟ. ನಾನು ಶಾಲೆಯ ಜಾಣ, ಗಂಟಲು ಬಿಚ್ಚಿ "ಒಂದು" ಅಂದೆ. ಕಪಾಳಕ್ಕೆ ಬಿತ್ತು ನೋಡಿ, ಕಿವಿ ಗುಂಯ್‌ಗುಟ್ಟಿತು. "ಒಂದ ಅಂದ್ರ ಒಂದ ಆಗತೈತಿ, ಮಂಗ್ಯಾನಮಗನ! ಲಾಭ ಅನ್ನು!" ಅಂದಿನಿಂದ ಏನನ್ನು ಎಣಿಸಿದರೂ ನನ್ನ ನಾಲಿಗೆ ಲಾಭದಿಂದಲೇ ಹೊರಡುತ್ತಿತ್ತು. ಗೋಲಿ, ರೊಟ್ಟಿ, ಎಮ್ಮೆಗಳು, ಬಸ್ಸಿನ ಮೇಲಿನ ಗಂಟುಗಳು, ಎಲ್ಲವೂ ಲಾಭ, ಎರಡು, ಮೂರು. ಶಾಲೆಯಲ್ಲಿ ಮಾಸ್ತರರು ಅದಕ್ಕೂ ಹೊಡೆದರು. ಅಪ್ಪನ ಏಟೇ ಜೋರಿದ್ದುದರಿಂದ ಅದೇ ಉಳಿಯಿತು.

ಈಗ ಮಷಿನ್ನು ಬಂದಿದೆ. ತಾಡಪತ್ರಿ ಹಾಸಿ ತೆನೆ ಹಾಕಿದರೆ ಮಧ್ಯಾಹ್ನದೊಳಗೆ ಕಾಳು ಬೇರೆ ಹೊಟ್ಟು ಬೇರೆ. ತೂಕವನ್ನೆಲ್ಲ ನವಲಗುಂದದ ಬಜಾರಿನ ಕಾಂಟಾದ ಮೇಲೆ ಮಾಡುತ್ತಾರೆ. ಆದರೂ ನಮ್ಮ ಮನೆಯಲ್ಲಿ ಮೊದಲ ನಾಲ್ಕಾರು ಕೊಳಗ ಕೈಯಿಂದಲೇ ಅಳೆದು, ಆಮೇಲೆ ಚೀಲ ತುಂಬುವುದು. ಅಳೆಯುವವನು ಮನೆಯ ಹಿರಿಯ ಗಂಡಸು. ಅವನು ಕೊಳಗ ಹಿಡಿದನೆಂದರೆ ರಾಶಿ ಒಂದೇ, ಒಲೆ ಒಂದೇ ಎಂದು ಊರಿಗೆಲ್ಲ ತಿಳಿಯುತ್ತದೆ. ಬೇರೆ ಆಗಬೇಕೆನ್ನುವವನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಕೊಳಗ ಮುಟ್ಟದೆ ಹಿಂದೆ ಸರಿದು ನಿಂತರೆ ಸಾಕು, ಪಾಲು ಕೇಳಿದ ಹಾಗೆಯೇ.

ಇಷ್ಟು ತಿಳಿದಿರಲಿ. ಇನ್ನು ಗುಡ್ಡದ ಮೇಲಿನದು.

ಆ ಬೇಸಿಗೆಯ ಯುದ್ಧವನ್ನು ನೀವೂ ಟಿವಿಯಲ್ಲಿ ನೋಡಿರಬೇಕು, ಮನೆಯಲ್ಲಿ ಚುರುಮುರಿ ತಿನ್ನುತ್ತ. ನಮ್ಮ ಪಲ್ಟಣ್ಣು ಒಂದು ಗುಡ್ಡ ಹತ್ತಿತು. ಹೇಗೆ ಹತ್ತಿದೆವು ಅನ್ನುವುದನ್ನು ಹೇಳುವುದಿಲ್ಲ, ಅದಕ್ಕೆ ಸಿನಿಮಾಗಳಿವೆ, ಹೋಗಿ ನೋಡಿ. ಗೆದ್ದೆವು ಎಂದರು. ಬೆಳಕು ಹರಿದ ಮೇಲೆ ಕೆಳಗಿನ ಸಪಾಟು ಜಾಗಕ್ಕೆ ನಮ್ಮವರನ್ನು ಇಳಿಸಿ ತಂದು ಸಾಲಾಗಿ ಮಲಗಿಸಿದ್ದರು. ಮೇಲೆ ತಾಡಪತ್ರಿ ಹೊದಿಸಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಇಟ್ಟಿದ್ದರು. ನಮ್ಮ ಎರೆಹೊಲದಲ್ಲಿ ಕಲ್ಲು ಸಿಗುವುದಿಲ್ಲ, ನಾವು ಕಣದಲ್ಲಿ ತಾಡಪತ್ರಿಯ ಅಂಚಿಗೆ ಕಾಳಿನ ಚೀಲ ಇಡುತ್ತೇವೆ. ಅಷ್ಟೇ ವ್ಯತ್ಯಾಸ.

ಎಷ್ಟೋ ಹೊತ್ತಿನಿಂದ ಯಾರೂ ಕಣ್ಣು ಮುಚ್ಚಿರಲಿಲ್ಲ. ಬದುಕಿ ಉಳಿದವರು ಸುತ್ತ ನಿಂತಿದ್ದರು, ಟೋಪಿ ಕೈಯಲ್ಲಿ, ಯಾರೂ ಪಿಟಕ್ಕೆನ್ನುತ್ತಿಲ್ಲ. ನಮ್ಮ ಸುಭೇದಾರ, ಉತ್ತರದ ಕಡೆಯ ಹಿರಿಯ ಮನುಷ್ಯ, ತಾಡಪತ್ರಿಯ ಒಂದು ತುದಿ ಎತ್ತಿ ನನಗೆ ಎಣಿಸಲು ಹೇಳಿದ. ವರ್ಷಾನುಗಟ್ಟಲೆ ಏಕ್ ದೋ ತೀನ್ ಎಂದು ಎಣಿಸಿದವನು ನಾನು, ನಿದ್ದೆಯಲ್ಲಿ ಕೇಳಿದರೂ ಹಾಗೇ ಎಣಿಸುತ್ತಿದ್ದೆ. ಬಗ್ಗಿದೆ. ಮೊದಲನೆಯವನ ಮೇಲೆ ಕೈಯಿಟ್ಟೆ. ನನ್ನ ಬಾಯಿ "ಲಾಭ" ಅಂದಿತು.

ಕನ್ನಡ ಯಾರಿಗೆ ತಿಳಿಯುತ್ತದೆ ಎಂದುಕೊಳ್ಳಬೇಡಿ. ಆ ಮಾತು ಸುಭೇದಾರನ ಭಾಷೆಯಲ್ಲೂ ಅದೇ, ಅರ್ಥವೂ ಅದೇ. ಸುತ್ತ ನಿಂತವರೆಲ್ಲ ಕೇಳಿಸಿಕೊಂಡರು. ಸುಭೇದಾರ ನನ್ನನ್ನು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಹೊಡೆಯಲಿಲ್ಲ. ಮೆಲ್ಲಗೆ "ಫಿರ್ ಸೇ ಗಿನೋ, ಬೇಟಾ" ಅಂದ. ಮೊದಲಿಂದ ಎಣಿಸು, ಮಗನೇ. ನಾನು ಮೊದಲಿಂದ ಎಣಿಸಿದೆ, ಏಕ್ ಎಂದು ಶುರುಮಾಡಿ ಕೊನೆಯವರೆಗೂ ಎಣಿಸಿದೆ.

ಮೊದಲನೆಯವನು ಯಾರು ಎಂದು ನಿಮಗೂ ಹೇಳುವುದಿಲ್ಲ. ಅವನಿಗೂ ಒಂದು ಊರಿದೆ, ಆ ಊರಲ್ಲಿ ಅವನ ಅವ್ವ ಇದ್ದಾಳೆ. ಇನ್ನೊಂದು ಮಾತು. ತಪ್ಪು ಮಾಡಿದೆ, ಕ್ಷಮಿಸಿ ಎಂದು ನಿಮ್ಮ ಮುಂದೆ ಮೂಗು ಒರೆಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಾನೇನೂ ತಪ್ಪು ಮಾಡಿಲ್ಲ. ಸಣ್ಣಂದಿನಿಂದ ಹೊಡೆದು ಕಲಿಸಿದ್ದನ್ನು ನಾಲಿಗೆ ಒಪ್ಪಿಸಿತು, ಅಷ್ಟೇ. ಆದರೆ ಆ ಮಾತು ಅಲ್ಲೇ ಸತ್ತಿತು. ಈಗ ಬರೆಯಲು ಬರುತ್ತದೆ, ಬಾಯಲ್ಲಿ ಬರುವುದಿಲ್ಲ.

ಮುಂದಿನ ಸುಗ್ಗಿಗೆ ರಜೆಯ ಮೇಲೆ ಬಂದೆ. ಅಪ್ಪನಿಗೆ ಆಗಲೇ ಕಣ್ಣು ಮಂಜಾಗಿತ್ತು. ಕಣದಲ್ಲಿ ಊರ ಹಿರಿಯರ ಮುಂದೆ "ಯುದ್ಧಾ ಗೆದ್ದ ಬಂದಾನ, ಈ ವರ್ಷ ಇವನ ಅಳೀಲಿ" ಎಂದು ಕೊಳಗವನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಂಡೆ. ಕೊಳಗದ ತಳ ತಾಡಪತ್ರಿಗೆ ತಾಗಿ ಸಪ್ಪಳ ಮಾಡಿತು, ಬಗ್ಗಿದವನು ಕಾಳಿಗೆ ಕೈ ಹಾಕದೆ ಹಾಗೇ ನಿಂತುಬಿಟ್ಟೆ. ಬಾಜೂಕೆ ನಿಂತಿದ್ದ ಅಣ್ಣ ಒಂದೇ ಸಲ ನನ್ನ ಮುಖ ನೋಡಿದ. ನೋಡಿದವನೇ ಕೊಳಗ ಕಸಿದುಕೊಂಡ. "ಅವಂಗ ಕೈ ನೋವೈತಿ, ಬಿಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಸುಳ್ಳು ಹೇಳಿ ಅಳೆಯತೊಡಗಿದ. ನಾನು ಎತ್ತು ನೋಡುವ ನೆಪ ಮಾಡಿ ಹೊಲದ ಬದುವಿನ ತನಕ ಹೋದೆ.

ಅಣ್ಣ ಆಮೇಲೆಯೂ ಕೇಳಲಿಲ್ಲ. ಪ್ರತಿ ವರ್ಷ ಅವನೇ ಅಳೆದ, ಮಂದಿ ನನ್ನ ಹೆಸರೆತ್ತಿದಾಗಲೆಲ್ಲ ನನ್ನ ಕೈ ನೋವಿನ ಸುಳ್ಳನ್ನು ಅವನೇ ಹೇಳಿದ. ನಾನು ಫೌಜು ಬಿಟ್ಟು ಊರಿಗೆ ಬಂದ ಮೇಲೂ ಹಾಗೇ ನಡೆಯಿತು. ಅಂಥ ಮನುಷ್ಯ ಈ ಸೀಮೆಯಲ್ಲಿ ಇನ್ನೊಬ್ಬ ಇದ್ದರೆ ತೋರಿಸಿ. ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ.

ಅಪ್ಪ ಮೊದಲೇ ಹೋಗಿದ್ದ, ಅಣ್ಣನೂ ಹೋದ ಮೇಲೆ ಮನೆಗೆ ಹಿರಿಯ ಗಂಡಸು ನಾನೇ. ಮನೆಯಲ್ಲಿ ಇರುವವರು ನಾನು, ನನ್ನ ಹೆಂಡತಿ, ಅಣ್ಣನ ಹೆಂಡತಿ ಅಂದರೆ ನಮ್ಮ ವೈನಿ, ಮತ್ತು ಅವಳ ಮಗ. ನಮಗೆ ಮಕ್ಕಳಾಗಲಿಲ್ಲ, ಅಣ್ಣನ ಮಗನೇ ನಮಗೂ ಮಗ. ಟ್ರ್ಯಾಕ್ಟರ್ ಓಡಿಸುವುದರಿಂದ ಬಿತ್ತಿಗೆಯ ತನಕ ಎಲ್ಲಾ ಅವನದೇ. ತಲೆಯೂ ಟ್ರ್ಯಾಕ್ಟರಿನ ಇಂಜಿನ್ನೇ, ಬಿಸಿಯಾಯಿತೆಂದರೆ ತಣ್ಣಗಾಗಲು ಹೊತ್ತು ಬೇಕು. ಅದು ಯಾರ ಗುಣ ಎಂದು ನನ್ನನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಈ ಸಲ ಬಿಳಿಜೋಳ ಚಲೋ ಬಂದಿತ್ತು. ಮಧ್ಯಾಹ್ನ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದಾಗ ಅವನು ಹೇಳಿದ, "ಕಾಕಾ, ಯಮನೂರಾಗಿಂದ ಮಷಿನ್ ನಾಡದ ಬರತೈತಿ. ಅವ್ವ ಕೊಳಗ ತೊಳದ ಒಣಗಿಸಾಕ ಇಟ್ಟಾಳ."

"ನೀ ಅಳಿ" ಅಂದೆ.

"ನೀವ ಇದ್ದಾಗ ನಾ ಹೆಂಗ ಅಳೀಲಿ? ಮಂದಿ ಏನ ಅಂದಾರು?"

"ಮಂದೀನ್ನ ತೊಗೊಂಡ ಏನ ಮಾಡ್ತಿ, ಉಪ್ಪಿನಕಾಯಿ ಹಾಕ್ತಿಯೇನ? ಅಳಿ ಅಂದ್ರ ಅಳಿ."

ವೈನಿ ರೊಟ್ಟಿ ಬುಟ್ಟಿಯನ್ನು ಕೆಳಗಿಟ್ಟಳು. ನಾನು ಚಡ್ಡಿ ಹಾಕಿಕೊಂಡು ತಿರುಗುತ್ತಿದ್ದಾಗ ಈ ಮನೆಗೆ ಸೊಸೆಯಾಗಿ ಬಂದವಳು, ನನ್ನ ಮೂಗು ಒರೆಸಿದವಳು. ಅವಳಿಗೆ ನನ್ನ ಹೆದರಿಕೆ ಇಲ್ಲ.

"ಯಾಕ ಒಲ್ಲಿ, ಅದನ್ನರ ಹೇಳು."

"ಕೈ ನೋವೈತಿ ವೈನಿ."

"ಕೈ ನೋವು! ಅವರಿದ್ದಾಗ ಅವರ ಹೇಳಿದ್ರು, ನಾ ಸುಮ್ನ ಕೇಳಿದ್ನಿ. ಮೊನ್ನಿ ಟ್ರಾಲಿ ಕೊಂಡಿ ಒಬ್ಬನ ಎತ್ತಿ ಹಾಕಿದೆಲ್ಲ, ಆವಾಗ ಎಲ್ಲಿ ಹೋಗಿತ್ತ ನಿನ್ನ ನೋವು? ಪೆಟ್ಟಿಗ್ಯಾಗ ಇಟ್ಟ ಬಂದಿದ್ದೇನ?"

ಉತ್ತರ ಹೊಳೆಯದಿದ್ದಾಗ ನನಗೆ ಸಿಟ್ಟು ಬರುತ್ತದೆ. "ಒಲ್ಲೆ ಅಂದ್ರ ಒಲ್ಲೆ! ಈ ಮನ್ಯಾಗ ಒಬ್ಬ ಮನಷ್ಯಾ ಒಲ್ಲೆ ಅನ್ನಾಕೂ ಅರ್ಜಿ ಕೊಡಬೇಕೇನ?" ಎಂದು ಚೀರಿದೆ.

ಅಣ್ಣನ ಮಗ ಕೈ ತೊಳೆಯಲಿಲ್ಲ, ಎಂಜಲು ಕೈಯಲ್ಲೇ ಎದ್ದು ನಿಂತ. "ಇಷ್ಟ ಸುತ್ತಿ ಬಳಸಿ ಯಾಕ್ರಿ ಕಾಕಾ? ಪಾಲ ಬೇಕಂದ್ರ ನೆಟ್ಟಗ ಬಾಯಿಬಿಟ್ಟ ಕೇಳ್ರಿ. ಅಪ್ಪಗ ವರ್ಷ ತುಂಬೂತನಕರ ತಡಕೋಬೇಕಿತ್ತು ನೀವು."

ಮೈಯೆಲ್ಲ ಉರಿದುಹೋಯಿತು. ನೀರಿನ ತಂಬಿಗೆ ಕೈಗೆ ಸಿಕ್ಕಿತು, ಎಸೆದೆ. ಅವನಿಗೆ ಬೀಳಲಿಲ್ಲ, ಗೋಡೆಗೆ ಬಡಿದು ಉರುಳಿತು. "ಭಾಡ್ಯಾ! ನಿನ್ನ ಹೆಗಲ ಮ್ಯಾಲ ಕುಂದರಿಸ್ಕೊಂಡ ಯಮನೂರ ದರ್ಗಾಕ್ಕ ಹೋಗಿ ಬಂದೇನಿ, ನನಗ ಪಾಲಿನ ಮಾತ ಹೇಳ್ತಿಯೇನ!" ಅವನು ಅಲ್ಲಾಡಲಿಲ್ಲ. "ಮತ್ತ ಅಳೀರಿ" ಅಂದ. ಅಷ್ಟೇ ಅಂದು ಹೊರಗೆ ಹೋದ.

ನನ್ನ ಹೆಂಡತಿ ಇಷ್ಟೂ ಹೊತ್ತು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಕೋಣೆಗೆ ಹೋದಾಗ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು.

"ಅವರಿಗೆ ಹೇಳಬ್ಯಾಡ್ರಿ. ನನಗ ಹೇಳ್ರಿ. ನಾ ನಿಮ್ಮ ಹೆಂಡ್ತಿ ಅದೀನಿ, ನೆರಿಮನಿಯಾಕಿ ಅಲ್ಲ."

"ಹೇಳೂದ ಏನೂ ಇಲ್ಲ."

"ಏನೂ ಇಲ್ಲದಕ್ಕ ವರ್ಷಾ ರಾಶಿ ದಿನಾ ಬದುವಿಗೆ ಹೋಗಿ ಬೆನ್ನ ತಿರುವಿ ನಿಂದರತೀರೇನ? ನನಗ ಕಣ್ಣಿಲ್ಲೇನ? ಸುಮ್ನ ಇದ್ದ ಇದ್ದ ನನ್ನ ಬಾಯಿಗೆ ಬೂಷ್ಟ ಹಿಡದೈತಿ. ನಿಮ್ಮಣ್ಣಗ ಗೊತ್ತಿತ್ತೇನ?"

"ಇಲ್ಲ."

"ಮತ್ಯಾಕ ಅವರು ನಿಮ್ಮ ಪರ ನಿಂದರತಿದ್ರು?"

"ಅವ ಕೇಳ್ತಿರಲಿಲ್ಲ. ನೀನೂ ಅವನ್ನ ನೋಡಿ ಕಲಿ."

ಆ ಮಾತು ಆಡಬಾರದಿತ್ತೇನೋ. ಅವಳ ಮುಖ ಕಲ್ಲಾಯಿತು. "ಚಲೋ ಆತು, ಕಲಿತೀನಿ" ಎಂದು ಹೋದಳು.

ಹೇಳಿಬಿಟ್ಟರೆ ಏನಾಗುತ್ತಿತ್ತು? ಮನೆ ಉಳಿಯುತ್ತಿತ್ತು, ಅದು ನನಗೂ ಗೊತ್ತಿದೆ. ವೈನಿ ಅಳುತ್ತಿದ್ದಳು, ಹುಡುಗ ಕಾಲು ಹಿಡಿಯುತ್ತಿದ್ದ, ಹೆಂಡತಿ ನನ್ನ ತಲೆ ಸವರುತ್ತಿದ್ದಳು. ಆಮೇಲೆ ರಾಶಿ ಬರುತ್ತಿತ್ತು. ಈ ವರ್ಷದ್ದು, ಮುಂದಿನ ವರ್ಷದ್ದು. ಇವರಲ್ಲಿ ಯಾರು ಕೊಳಗ ಹಿಡಿದರೂ ಮೊದಲ ಮಾತು ಬಾಯಿಗೆ ಬಂದ ಕೂಡಲೇ ಕಾಳಿನ ಜಾಗದಲ್ಲಿ ತಾಡಪತ್ರಿಯ ಕೆಳಗಿನ ಸಾಲು ಕಾಣುತ್ತಿತ್ತು. ಹಿಟ್ಟಿನ ಗಿರಣಿಗೆ ಜೋಳ ಅಳೆಯುವಾಗ, ಬಿತ್ತಿಗೆಯ ಬೀಜ ಎಣಿಸುವಾಗ, ಯಾವಾಗಲೂ. ನಮ್ಮ ಮನೆತನ ಆ ಒಂದು ಮಾತಿನ ಮೇಲೆ ಊಟ ಮಾಡಿದೆ. ನನ್ನ ಬಾಯಲ್ಲಿ ಕೆಟ್ಟದ್ದು ನನ್ನ ಬಾಯಲ್ಲೇ ಇರಲಿ. ಅದನ್ನು ಇವರ ತಾಟಿಗೂ ಬಡಿಸಲು ನಾನು ಅಷ್ಟು ನೀಚನಲ್ಲ.

ಹಾಗಾದರೆ ಉಳಿದ ದಾರಿ ಒಂದೇ, ಅಳೆಯುವುದು. ಒಂದು ಮಾತು ತಾನೇ, ಹಲ್ಲು ಕಚ್ಚಿ ಅಂದುಬಿಟ್ಟರಾಯಿತು, ಮನೆ ಉಳಿಯುತ್ತದೆ ಎಂದು ತೀರ್ಮಾನ ಮಾಡಿದೆ. ಮರುದಿನ ಬೆಳಿಗ್ಗೆ ವೈನಿಗೆ "ಅಳೀತೀನಿ" ಅಂದೆ. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಬೆಣ್ಣೆ ದೊಡ್ಡದಾಗಿಯೇ ಇಟ್ಟಳು. ನನ್ನ ಹೆಂಡತಿ ಮಾತ್ರ ನನ್ನ ಕಡೆ ನೋಡಲಿಲ್ಲ.

ರಾಶಿಯ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಮಷಿನ್ನಿನ ಕೆಲಸ ಮುಗಿದು ಕಾಳು ತಾಡಪತ್ರಿಯ ಮೇಲೆ ಬೆಳ್ಳಗೆ ಗುಡ್ಡೆ ಬಿದ್ದಿತ್ತು. ಮಷಿನ್ನಿನ ಸಾಹೇಬರು, ಯಮನೂರಿನವರು, ಚಪ್ಪಲಿ ಹೊರಗೆ ಬಿಟ್ಟು, ಟೋಪಿ ಕೈಯಲ್ಲಿ ಹಿಡಿದು ನಮ್ಮ ಜೊತೆಗೇ ನಿಂತರು. ಅಣ್ಣನ ಮಗ ಬೂದಿಯ ಗೆರೆ ಎಳೆದ, ನೆತ್ತಿಗೆ ಕುಡಗೋಲು ಇಟ್ಟ, ಕಾಯಿ ಒಡೆದ. ತನ್ನಪ್ಪ ಹೋದ ಮೇಲಿನ ಮೊದಲ ರಾಶಿ, ಅವನ ಕಣ್ಣು ಕೆಂಪಾಗಿತ್ತು. ಕೊಳಗವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟು, ನನ್ನ ಕಾಲು ಮುಟ್ಟಿ ಹಿಂದೆ ಸರಿದ.

ಗಾಳಿ ತಾಡಪತ್ರಿಯ ಅಂಚನ್ನು ಎತ್ತುತ್ತಿತ್ತು. ಎಲ್ಲರೂ ಸುಮ್ಮನೆ ನಿಂತಿದ್ದರು. ನಾನು ಬಗ್ಗಿದೆ. ಕೊಳಗಕ್ಕೆ ಕಾಳು ತುಂಬಿದೆ, ಅಂಗೈಯಿಂದ ಅದರ ಬಾಯಿ ಸವರಿದೆ, ಅಪ್ಪ ಕಲಿಸಿದ ಹಾಗೆಯೇ. ಅನ್ನಬೇಕಾದ ಮಾತನ್ನು ಗಂಟಲಿನ ತನಕ ತಂದುಕೊಂಡೆ. ಕೊಳಗ ಸುರುವಿದೆ, ಬಾಯಿ ತೆರೆದೆ.

"ಒಂದು" ಅಂದೆ.

ವೈನಿ "ಅಯ್ಯ ನಮ್ಮಪ್ಪಾ!" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣನ ಮಗ ಬಂದು ಕೊಳಗವನ್ನು ಕಸಿದುಕೊಂಡ.

"ಇರ್ಲಿ ಬಿಡ್ರಿ" ಎಂದು ಮಷಿನ್ನಿನ ಸಾಹೇಬರು ನಡುವೆ ಬಂದರು. "ಬಾಯಿ ತಪ್ಪೇತಿ, ವಯಸ್ಸಾಗೇತಿ ಅವರಿಗೆ."

"ಅಳ್ಯೂ ಮನಿತನದ ಮಗಗ ಬಾಯಿ ತಪ್ಪತೈತೇನ್ರಿ?" ಅವನ ದನಿ ಒಡೆಯುತ್ತಿತ್ತು. "ಮಂದಿಗೆ ತಪ್ಪತೈತಿ, ಇವರಿಗೆ ತಪ್ಪೂದಿಲ್ಲ. ಬೇಕಂತ ಅಂದಾರ! ನಮ್ಮಪ್ಪಿಲ್ಲದ ಮೊದಲನೇ ರಾಶಿಗೆ, ಕಾಲ ಮುಟ್ಟಿಸ್ಕೊಂಡ ಶಾಪಾ ಹಾಕ್ಯಾರ!"

ಅವನ ಸಿಟ್ಟು ನ್ಯಾಯದ್ದೇ. ಅವನ ಜಾಗದಲ್ಲಿ ನಾನಿದ್ದರೆ ಕುಡಗೋಲೇ ಕೈಗೆ ಬರುತ್ತಿತ್ತು.

ವೈನಿ ನನ್ನ ಮುಂದೆ ಬಂದು ನಿಂತಳು. ಬೈಯಲಿಲ್ಲ. ಸಣ್ಣವನಿದ್ದಾಗ ಬಿದ್ದು ಬಂದರೆ ಹೇಗೆ ಕೇಳುತ್ತಿದ್ದಳೋ ಹಾಗೆ ಕೇಳಿದಳು. "ಬಾಯಿ ತಪ್ಪೇತಿ ಅನ್ನು. ನಾ ನಂಬತೀನಿ, ಇವನೂ ನಂಬತಾನ. ಮತ್ತೊಮ್ಮಿ ಕೊಳಗಾ ಹಿಡದ, ಮೊದಲಿಂದ ಎಣಸು. ಲಾಭ ಅನ್ನು, ಮುಗೀತು. ಒಂದ ಮಾತು, ನಮ್ಮಪ್ಪಾ. ನಿನಗ ಒಂದ ಮಾತಿನ ಕೆಲಸ."

ಮೊದಲಿಂದ ಎಣಿಸು. ಸುಭೇದಾರನೂ ಅದನ್ನೇ ಅಂದಿದ್ದ, ಇದೇ ದನಿಯಲ್ಲಿ. ನಾನು ವೈನಿಯನ್ನು ನೋಡಿದೆ, ಹುಡುಗನನ್ನು ನೋಡಿದೆ, ಬಿಸಿಲಲ್ಲಿ ಸೆರಗು ಹೊದ್ದು ನಿಂತ ನನ್ನ ಹೆಂಡತಿಯನ್ನು ನೋಡಿದೆ. ಅವಳು ಬರಿ ಕಣ್ಣಲ್ಲೇ ಹೇಳ್ರಿ, ಹೇಳ್ರಿ ಅನ್ನುತ್ತಿದ್ದಳು. ಒಂದೋ ಆ ಮಾತು ಅನ್ನಬೇಕು, ಇಲ್ಲ ಯಾಕೆ ಬರುವುದಿಲ್ಲ ಎಂದು ಹೇಳಬೇಕು. ಬಾಯಿ ತೆರೆದೆ, ಮಾತು ಬರಲಿಲ್ಲ. ಎದುರಿಗೆ ರಾಶಿ ಇತ್ತು, ಶುದ್ಧವಾದ ಬಿಳಿಜೋಳ, ಅಣ್ಣ ಬದುಕಿದ್ದಾಗ ಹದ ಮಾಡಿದ ಭೂಮಿಯದು.

"ಬಾಯಿ ತಪ್ಪಿಲ್ಲ ವೈನಿ" ಅಂದೆ. "ನನಗ ಪಾಲ ಬೇಕಾಗೇತಿ."

ವೈನಿ ಎರಡು ಹೆಜ್ಜೆ ಹಿಂದೆ ಸರಿದಳು. ಅಣ್ಣನ ಮಗ ನಾನು ಸುರುವಿದ ಕಾಳನ್ನು ಬೊಗಸೆಯಿಂದ ಬಾಚಿ ಬಾಚಿ ರಾಶಿಗೆ ವಾಪಸು ಹಾಕಿದ, ಒಂದು ಕಾಳು ಬಿಡದೆ. ಕೊಳಗ ತುಂಬಿದ. ಬಾಯಿ ಸವರಿ, ತಲೆ ಎತ್ತಿ, ರಾಶಿಯ ಕಡೆ ನೋಡದೆ ನನ್ನ ಮುಖಕ್ಕೇ ಉಗುಳುವ ಹಾಗೆ ಚೀರಿದ, "ಲಾಭ!" ನಾನು ಬದುವಿಗೆ ಹೋಗಲಿಲ್ಲ. ಈ ಸಲ ನಿಂತಲ್ಲೇ ನಿಂತು ಕೊನೆಯ ಕೊಳಗದ ತನಕ ಕೇಳಿದೆ.

ಈಗ ಪಡಸಾಲೆಯ ನಡುವೆ ಇಟ್ಟಿಗೆಯ ಗೋಡೆ ಎದ್ದಿದೆ. ಆ ಕಡೆ ಒಂದು ಒಲೆ, ಈ ಕಡೆ ಒಂದು ಒಲೆ. ಊರವರು ಅಣ್ಣನ ವರ್ಷದ ಕೂಳು ಉಣ್ಣುವ ಮೊದಲೇ ಮನೆ ಒಡೆದ ಮಿಲ್ಟ್ರಿಯವನು ಅನ್ನುತ್ತಾರೆ. ಅನ್ನಲಿ. ಈಗ ಯಾರೂ ಎಷ್ಟು ಮಂದಿಯನ್ನು ಹೊಡೆದಿರಿ ಎಂದು ಕೇಳುವುದಿಲ್ಲ, ಈ ಆಗಸ್ಟಿಗೆ ಶಾಲನ್ನೂ ತರಲಿಲ್ಲ. ನನ್ನ ಹೆಂಡತಿ ಕಲಿಯುತ್ತೇನೆ ಅಂದದ್ದನ್ನು ಚೆನ್ನಾಗಿಯೇ ಕಲಿತಿದ್ದಾಳೆ. ಏನನ್ನೂ ಕೇಳುವುದಿಲ್ಲ, ಊಟಕ್ಕೆ ಬರ್ರಿ ಅನ್ನುವುದನ್ನು ಬಿಟ್ಟರೆ ಮಾತೇ ಇಲ್ಲ. ಮೈ ಉರಿಯುತ್ತದೆ. ಯಾರ ಮೇಲೆ ಉರಿಯಬೇಕು ಎಂದು ಗೊತ್ತಾಗದೆ ಇನ್ನಷ್ಟು ಉರಿಯುತ್ತದೆ.

ಗುರುವಾರ ಬೆಳಿಗ್ಗೆ ಗೋಡೆಯ ಆಚೆ ವೈನಿ ಗಿರಣಿಗೆ ಜೋಳ ಅಳೆಯುತ್ತಾಳೆ. ಸೇರಿನಿಂದ ಬುಟ್ಟಿಗೆ ಕಾಳು ಬೀಳುವ ಸಪ್ಪಳ ಕೇಳುತ್ತದೆ. ಮೊದಲು ಮೆಲ್ಲಗೆ ಎಣಿಸುತ್ತಿದ್ದವಳು ಈಗ ಗಂಟಲು ಎತ್ತಿ ಎಣಿಸುತ್ತಾಳೆ, ನನಗೆ ಕೇಳಲಿ, ನನ್ನ ಹೊಟ್ಟೆ ಉರಿಯಲಿ ಎಂದು. "ಲಾಭ! ಎರಡ! ಮೂರ!" ನಾನು ಕಂಬಕ್ಕೆ ಒರಗಿ ಕಿವಿಗೊಟ್ಟು ಕೇಳುತ್ತೇನೆ. ಅವಳ ಬಾಯಲ್ಲಿ ಆ ಮಾತಿನೊಳಗೆ ಸಿಟ್ಟಿದೆ, ಜೋಳವಿದೆ. ಬೇರೆ ಯಾರೂ ಇಲ್ಲ.